ತಾನೇ ಕಟ್ಟಿದ ಪಕ್ಷಕ್ಕೆ ತಾನೇ ತೆರೆ ಎಳೆದ ಎಂ.ಎನ್. ರಾಯ್

ರಾಜಕೀಯ ಪಕ್ಷಗಳು ಒಡೆಯುವುದು, ಮತ್ತೊಂದರಲ್ಲಿ ವಿಲೀನವಾಗುವುದು, ಚಿಹ್ನೆಗಾಗಿ ಪರಸ್ಪರ ಕಚ್ಚಾಡುವುದು ನಮ್ಮ ಓದುಗರಿಗೆ ಹೊಸ ಸಂಗತಿಯಲ್ಲ. ಆದರೆ ಪಕ್ಷವೆಂಬ ವ್ಯವಸ್ಥೆಯೇ ಪ್ರಜಾಪ್ರಭುತ್ವಕ್ಕೆ ತೊಡಕು ಎಂಬ ತೀರ್ಮಾನಕ್ಕೆ ಬಂದು, ಸಮ್ಮೇಳನ ಕರೆದು, ಸಾವಧಾನವಾಗಿ ಚರ್ಚಿಸಿ, ತನ್ನನ್ನು ತಾನೇ ವಿಸರ್ಜಿಸಿಕೊಂಡ ಪಕ್ಷವೊಂದು ಈ ದೇಶದಲ್ಲಿತ್ತು. 1948ರ ಡಿಸೆಂಬರ್‌ನಲ್ಲಿ ಕಲ್ಕತ್ತದಲ್ಲಿ ಸೇರಿದ್ದ ಅದರ ಪ್ರತಿನಿಧಿಗಳು ಯಾರ ಒತ್ತಡವೂ ಇಲ್ಲದೆ ಎಂಟು ವರ್ಷಗಳ ತಮ್ಮ ಸಂಘಟನೆಗೆ ಮಂಗಳ ಹಾಡಿದರು. ಪಕ್ಷದ ಹೆಸರು ರ‍್ಯಾಡಿಕಲ್ ಡೆಮಾಕ್ರಟಿಕ್ ಪಾರ್ಟಿ. ಅದರ ಸ್ಥಾಪಕ ಮಾನವೇಂದ್ರನಾಥ ರಾಯ್.

ರಾಯ್ ಅವರ ಹೆಸರು ಇಂದು ಹೆಚ್ಚಾಗಿ ಕೇಳಿಬರುವುದು ಕಮ್ಯುನಿಸ್ಟ್ ಚಳವಳಿಯ ಇತಿಹಾಸದಲ್ಲಿ. ಲೆನಿನ್ ಜೊತೆ ಸರಿಸಮನಾಗಿ ವಾದಿಸಿದ ಭಾರತೀಯ ಎಂಬ ಖ್ಯಾತಿ ಅವರದು. ಆ ಖ್ಯಾತಿಯ ನೆರಳಿನಲ್ಲಿ ಅವರ ಬದುಕಿನ ಕೊನೆಯ ಹದಿನೈದು ವರ್ಷಗಳು ಮರೆಯಾಗಿಬಿಟ್ಟಿವೆ. ದೇವರ ಹೆಸರಿಲ್ಲದೆ, ಜಾತಿಯ ಬೆಂಬಲವಿಲ್ಲದೆ, ರಾಷ್ಟ್ರೀಯತೆಯ ಭಾವಾವೇಶವೂ ಇಲ್ಲದೆ ಕೇವಲ ವಿವೇಕವನ್ನು ನೆಚ್ಚಿ ಪಕ್ಷ ಕಟ್ಟಬಹುದೇ ಎಂಬ ಪ್ರಯೋಗ ನಡೆದದ್ದು ಆ ವರ್ಷಗಳಲ್ಲಿಯೇ.

ಅರ್ಚಕರ ಮನೆಯ ಕ್ರಾಂತಿಕಾರಿ

ರಾಯ್ ಅವರ ಮೂಲ ಹೆಸರು ನರೇಂದ್ರನಾಥ ಭಟ್ಟಾಚಾರ್ಯ. 1887ರ ಮಾರ್ಚ್‌ನಲ್ಲಿ ಬಂಗಾಳದ 24 ಪರಗಣ ಜಿಲ್ಲೆಯ ಅರ್ಬೇಲಿಯಾದಲ್ಲಿ ಜನನ. ಪೌರೋಹಿತ್ಯದ ವಂಶ, ತಂದೆ ದೀನಬಂಧು ಭಟ್ಟಾಚಾರ್ಯರು ಶಾಲೆಯಲ್ಲಿ ಸಂಸ್ಕೃತ ಕಲಿಸುತ್ತಿದ್ದರು. ಬಂಗಾಳ ವಿಭಜನೆಯ ಬಿಸಿ ಏರಿದ್ದ ದಿನಗಳಲ್ಲಿ ನರೇನ್ ‘ಬಾಘಾ ಜತಿನ್’ ಎಂದು ಹೆಸರಾದ ಜತೀಂದ್ರನಾಥ ಮುಖರ್ಜಿಯವರ ಶಿಷ್ಯರಾದರು. ಚಳವಳಿಗೆ ಹಣ ಹೊಂದಿಸಲು ದರೋಡೆ, 1910ರ ಹೌರಾ ಸಂಚಿನ ಮೊಕದ್ದಮೆಯಲ್ಲಿ ಬಂಧನ ಎಲ್ಲವೂ ಆದವು.

ಮೊದಲ ಮಹಾಯುದ್ಧ ಆರಂಭವಾದಾಗ ಬ್ರಿಟನ್ನಿನ ವೈರಿಯಾದ ಜರ್ಮನಿಯಿಂದ ಶಸ್ತ್ರಾಸ್ತ್ರ ತರಿಸುವ ಯೋಜನೆ ಸಿದ್ಧವಾಯಿತು. 1915ರಲ್ಲಿ ನರೇನ್ ಬಟಾವಿಯಾಕ್ಕೆ ಹೋದರು. ಹಡಗು ಬರಲಿಲ್ಲ. ಅದೇ ವರ್ಷ ಮತ್ತೆ ಹೊರಟವರು ಮರಳಲಿಲ್ಲ. ಅತ್ತ ಬಾಲಾಸೋರ್‌ನಲ್ಲಿ ಪೊಲೀಸರ ಗುಂಡಿಗೆ ಗುರು ಬಲಿಯಾದರು. ಜಪಾನ್, ಚೀನಾ ಸುತ್ತಿ, ಪಾದ್ರಿಯ ವೇಷದಲ್ಲಿ 1916ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಬಂದರಿನಲ್ಲಿ ಇಳಿದ ಯುವಕ ಅಲ್ಲಿ ಹಳೆಯ ಹೆಸರನ್ನೂ ಬಿಟ್ಟರು. ಎಂ.ಎನ್. ರಾಯ್ ಎಂಬ ಹೊಸ ಹೆಸರು ಬಂದದ್ದು ಹಾಗೆ.

ಮುಂದಿನದು ಪತ್ತೇದಾರಿ ಕಾದಂಬರಿಯನ್ನು ಮೀರಿಸುವ ಕಥೆ. ಸ್ಟ್ಯಾನ್‌ಫರ್ಡ್‌ನಲ್ಲಿ ಓದಿದ್ದ ಎವೆಲಿನ್ ಟ್ರೆಂಟ್ ಅವರ ಜೊತೆ ವಿವಾಹ. ನ್ಯೂಯಾರ್ಕ್‌ನಲ್ಲಿ ಲಾಲಾ ಲಜಪತ ರಾಯ್ ಅವರ ಒಡನಾಟ. ಸಾರ್ವಜನಿಕ ಗ್ರಂಥಾಲಯದಲ್ಲಿ ಮಾರ್ಕ್ಸ್ ಅಧ್ಯಯನ. ಅಮೆರಿಕದ ಪೊಲೀಸರ ಕಣ್ತಪ್ಪಿಸಿ 1917ರಲ್ಲಿ ಮೆಕ್ಸಿಕೊಗೆ ಪಲಾಯನ. ಅಲ್ಲಿನ ಸಮಾಜವಾದಿ ಪಕ್ಷದಲ್ಲಿ ಪ್ರಮುಖರಾಗಿ ಬೆಳೆದ ಅವರು, ರಷ್ಯಾದಿಂದ ಬಂದ ಮಿಖಾಯಿಲ್ ಬೊರೋದಿನ್ ಅವರ ಪ್ರಭಾವದಿಂದ 1919ರಲ್ಲಿ ಅದನ್ನು ಕಮ್ಯುನಿಸ್ಟ್ ಪಕ್ಷವಾಗಿ ಮಾರ್ಪಡಿಸಿದರು. ಬಂಗಾಳದ ಅರ್ಚಕರ ವಂಶದ ಹುಡುಗ ಮೆಕ್ಸಿಕೊದ ಕಮ್ಯುನಿಸ್ಟ್ ಪಕ್ಷದ ಸ್ಥಾಪಕ! ಮೆಕ್ಸಿಕೊ ನಗರದಲ್ಲಿ ಅವರು ವಾಸವಿದ್ದರೆನ್ನಲಾದ ಮನೆಯಲ್ಲಿ ಈ ಶತಮಾನದಲ್ಲಿ ಅವರದೇ ಹೆಸರಿನ ನೈಟ್‌ಕ್ಲಬ್ ತೆರೆಯಿತೆಂಬುದು ಇತಿಹಾಸದ ಒಂದು ಕುಚೇಷ್ಟೆ.

1920ರಲ್ಲಿ ಮಾಸ್ಕೋದಲ್ಲಿ ನಡೆದ ಕಮ್ಯುನಿಸ್ಟ್ ಇಂಟರ್‌ನ್ಯಾಷನಲ್‌ನ ಎರಡನೇ ಅಧಿವೇಶನದಲ್ಲಿ ರಾಯ್ ಲೆನಿನ್ ಅವರ ಮಾತಿಗೆ ತಕರಾರು ಎತ್ತಿದರು. ವಸಾಹತುಗಳಲ್ಲಿ ಕಮ್ಯುನಿಸ್ಟರು ಅಲ್ಲಿನ ರಾಷ್ಟ್ರೀಯ ಚಳವಳಿಗಳಿಗೆ ಬೆಂಬಲ ಕೊಡಬೇಕೆಂಬುದು ಲೆನಿನ್ ನಿಲುವು. ಆ ಚಳವಳಿಗಳ ನಾಯಕತ್ವ ಮೇಲ್ವರ್ಗದ ಕೈಯಲ್ಲಿದೆ, ರೈತ-ಕಾರ್ಮಿಕರ ಸ್ವತಂತ್ರ ಸಂಘಟನೆಯಿಲ್ಲದೆ ಹೋದರೆ ಆಳುವವರ ಬಣ್ಣ ಮಾತ್ರ ಬದಲಾಗುತ್ತದೆ ಎಂಬುದು ರಾಯ್ ವಾದ. ಲೆನಿನ್ ಮುನಿಯಲಿಲ್ಲ, ಭಿನ್ನ ಪ್ರಬಂಧವನ್ನು ಬರೆದುಕೊಡುವಂತೆ ಹೇಳಿದರು. ತಿದ್ದುಪಡಿಗಳೊಂದಿಗೆ ಎರಡೂ ಅಂಗೀಕಾರವಾದವು. ಅದೇ ಅಕ್ಟೋಬರ್‌ನಲ್ಲಿ ತಾಷ್ಕೆಂಟ್‌ನಲ್ಲಿ ಭಾರತೀಯ ವಲಸಿಗರ ಕಮ್ಯುನಿಸ್ಟ್ ಪಕ್ಷ ಸ್ಥಾಪನೆಯಾಯಿತು.

ಏರಿದ ವೇಗದಲ್ಲಿಯೇ ಇಳಿತವೂ ಬಂತು. 1927ರಲ್ಲಿ ಚೀನಾಕ್ಕೆ ಹೋದ ರಾಯ್, ಸ್ಟಾಲಿನ್ ಕಳುಹಿಸಿದ್ದ ರಹಸ್ಯ ತಂತಿಯನ್ನು ವುಹಾನ್ ಸರ್ಕಾರದ ನಾಯಕ ವಾಂಗ್ ಜಿಂಗ್‌ವೇಗೆ ತೋರಿಸಿದ್ದು ದೊಡ್ಡ ಪ್ರಮಾದವಾಯಿತು. ಕಮ್ಯುನಿಸ್ಟರ ಜೊತೆಗಿನ ಮೈತ್ರಿ ಮುರಿದುಬಿತ್ತು. ಜರ್ಮನಿಯ ಭಿನ್ನಮತೀಯರ ಪತ್ರಿಕೆಗಳಲ್ಲಿ ಬರೆದ ಕಾರಣಕ್ಕೆ 1929ರಲ್ಲಿ ಇಂಟರ್‌ನ್ಯಾಷನಲ್ ಅವರನ್ನು ಉಚ್ಚಾಟಿಸಿತು. ಸ್ಟಾಲಿನ್ ಕಾಲದಲ್ಲಿ ಉಚ್ಚಾಟನೆಯಾದ ಅನೇಕರಿಗೆ ಹೋಲಿಸಿದರೆ, ಜೀವ ಉಳಿಸಿಕೊಂಡು ಹೊರಬಂದ ರಾಯ್ ಅದೃಷ್ಟಶಾಲಿ.

ಸೆರೆಮನೆಯ ಪುಟಗಳು

1930ರ ಡಿಸೆಂಬರ್‌ನಲ್ಲಿ ಡಾ. ಮಹಮೂದ್ ಎಂಬ ಸುಳ್ಳು ಹೆಸರಿನಲ್ಲಿ ರಾಯ್ ಭಾರತಕ್ಕೆ ಮರಳಿದರು. ಹದಿನೈದು ವರ್ಷಗಳ ಬಳಿಕ ತಾಯ್ನಾಡು ಕಂಡದ್ದು ಏಳೇ ತಿಂಗಳು. 1931ರ ಜುಲೈ 21ರಂದು ಮುಂಬೈಯಲ್ಲಿ ಪೊಲೀಸರ ಕೈಗೆ ಸಿಕ್ಕರು. 1924ರ ಕಾನ್ಪುರ ಬೋಲ್ಶೆವಿಕ್ ಸಂಚಿನ ಮೊಕದ್ದಮೆಯ ಹಳೆಯ ಆರೋಪ ಅವರಿಗಾಗಿ ಕಾದಿತ್ತು. 12 ವರ್ಷಗಳ ಶಿಕ್ಷೆ ಮೇಲ್ಮನವಿಯಲ್ಲಿ ಆರು ವರ್ಷಕ್ಕೆ ಇಳಿಯಿತು.

ಅವರ ಬದುಕಿನ ನಿಜವಾದ ತಿರುವು ಸೆರೆಮನೆಯದೆಂದು ಈ ಲೇಖಕನಿಗೆ ತೋರುತ್ತದೆ. ಮಾಸ್ಕೋ, ಮೆಕ್ಸಿಕೊಗಳ ಸಾಹಸಗಳಲ್ಲಿ ಕಾಣದ ರಾಯ್ ಇಲ್ಲಿ ಕಾಣುತ್ತಾರೆ. ಒಂಬತ್ತು ದಪ್ಪ ಸಂಪುಟಗಳಷ್ಟು ಟಿಪ್ಪಣಿಗಳನ್ನು ಅವರು ಅಲ್ಲಿ ಬರೆದರು. ಆಧುನಿಕ ವಿಜ್ಞಾನವು ತತ್ವಶಾಸ್ತ್ರಕ್ಕೆ ಒಡ್ಡುವ ಪ್ರಶ್ನೆಗಳೇನು ಎಂಬುದು ಮುಖ್ಯ ವಿಷಯ. ಜೊತೆಗೆ ಕರ್ಮಸಿದ್ಧಾಂತ, ಭಾರತೀಯ ಸ್ತ್ರೀಯ ಸ್ಥಾನಮಾನ, ಇಸ್ಲಾಂ ಧರ್ಮದ ಚಾರಿತ್ರಿಕ ಪಾತ್ರ. ಬೆಕ್ಕೊಂದು ತನ್ನ ಆತ್ಮಕಥೆ ಹೇಳಿಕೊಳ್ಳುವ ವಿಡಂಬನೆಯೂ ಅದೇ ಕಾಲದ್ದು. ಮಾರ್ಕ್ಸ್‌ವಾದ ಎಲ್ಲಕ್ಕೂ ಉತ್ತರ ಹೇಳಬಲ್ಲದೆಂಬ ನಂಬಿಕೆ ಆ ಪುಟಗಳಲ್ಲಿ ಸಡಿಲವಾಗತೊಡಗಿತು. ಯುರೋಪಿನಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಸುದ್ದಿಯನ್ನು ರಾಯ್ ಓದಿದ್ದೂ ಕಂಬಿಗಳ ಹಿಂದೆಯೇ. ಜರ್ಮನಿಯಲ್ಲಿ ಕೆಲವು ವರ್ಷ ಇದ್ದು ಬಂದಿದ್ದ ಅವರಿಗೆ ಅದು ದೂರದ ಸುದ್ದಿಯಾಗಿರಲಿಲ್ಲ.

1936ರ ನವೆಂಬರ್ 20ರಂದು ಡೆಹ್ರಾಡೂನ್ ಜೈಲಿನಿಂದ ಬಿಡುಗಡೆಯಾದರು. ಮರುವರ್ಷ, ಸೆರೆವಾಸದ ಉದ್ದಕ್ಕೂ ಪತ್ರ ಬರೆದು ಜೊತೆಗಿದ್ದ ಎಲೆನ್ ಗಾಟ್ಸ್‌ಚಾಕ್ ಅವರನ್ನು ವರಿಸಿದರು. ಎವೆಲಿನ್ ಜೊತೆಗಿನ ದಾಂಪತ್ಯ ಅಷ್ಟರಲ್ಲಿ ಮುಗಿದ ಅಧ್ಯಾಯ. ಕಾಂಗ್ರೆಸ್ ಸೇರಿ ‘ಇಂಡಿಪೆಂಡೆಂಟ್ ಇಂಡಿಯಾ’ ವಾರಪತ್ರಿಕೆ ಆರಂಭಿಸಿದರು. ಗಾಂಧೀಜಿಯವರ ಆಧ್ಯಾತ್ಮಿಕ ಭಾಷೆಯ ರಾಜಕಾರಣ ರಾಯ್ ಅವರಿಗೆ ಎಂದೂ ಒಗ್ಗಲಿಲ್ಲ. 1940ರಲ್ಲಿ ಕಾಂಗ್ರೆಸ್ ಅಧ್ಯಕ್ಷ ಸ್ಥಾನಕ್ಕೆ ಮೌಲಾನಾ ಆಜಾದ್ ಎದುರು ಸ್ಪರ್ಧಿಸಿ ಹೀನಾಯವಾಗಿ ಸೋತರು.

ಜನಪ್ರವಾಹಕ್ಕೆ ಎದುರಾಗಿ

ಅಷ್ಟರಲ್ಲಿ ಎರಡನೇ ಮಹಾಯುದ್ಧ ಆರಂಭವಾಗಿತ್ತು. ಬ್ರಿಟನ್ನಿಗೆ ಸಹಕಾರ ಕೊಡಬೇಕಾದರೆ ಮೊದಲು ಸ್ವಾತಂತ್ರ್ಯದ ಭರವಸೆ ಬೇಕೆಂಬುದು ಕಾಂಗ್ರೆಸ್ ನಿಲುವು. ರಾಯ್ ತಿರುಗಿಬಿದ್ದರು. ಇದು ಬ್ರಿಟನ್ನಿನ ಯುದ್ಧವಲ್ಲ, ಫ್ಯಾಸಿಸಂ ವಿರುದ್ಧ ಮನುಕುಲದ ಯುದ್ಧ. ಹಿಟ್ಲರ್ ಗೆದ್ದರೆ ಭಾರತದ ಸ್ವಾತಂತ್ರ್ಯದ ಮಾತೇ ಉಳಿಯುವುದಿಲ್ಲ. ಹಿಟ್ಲರ್ ಸೋತರೆ ಯುದ್ಧದಲ್ಲಿ ಬಳಲಿದ ಬ್ರಿಟಿಷ್ ಸಾಮ್ರಾಜ್ಯ ತಾನಾಗಿಯೇ ಕಾಲ್ತೆಗೆಯುತ್ತದೆ ಎಂದು ವಾದಿಸಿದರು. ಇದಕ್ಕಾಗಿ ಕಾಂಗ್ರೆಸ್ಸಿನ ಶಿಸ್ತುಕ್ರಮಕ್ಕೆ ಗುರಿಯಾದರು, ಅನುಯಾಯಿಗಳೊಂದಿಗೆ ಹೊರಬಂದರು. 1940ರ ಡಿಸೆಂಬರ್‌ನಲ್ಲಿ ರ‍್ಯಾಡಿಕಲ್ ಡೆಮಾಕ್ರಟಿಕ್ ಪಾರ್ಟಿ ಜನ್ಮತಾಳಿತು.

ಪಕ್ಷ ಚಿಕ್ಕದು, ಆದರೆ ಅದರೊಳಗೆ ಬಂದವರು ಸಾಮಾನ್ಯರಲ್ಲ. ಮುಂದೆ ಬಾಂಬೆ ಹೈಕೋರ್ಟ್ ನ್ಯಾಯಮೂರ್ತಿಯಾದ ವಿ.ಎಂ. ತಾರ್ಕುಂಡೆ ವಕೀಲಿ ವೃತ್ತಿ ಬಿಟ್ಟು ಬಂದು ಪ್ರಧಾನ ಕಾರ್ಯದರ್ಶಿಯಾದರು. ಮರಾಠಿಯ ಮಹಾನ್ ಸಂಸ್ಕೃತ ವಿದ್ವಾಂಸ ತರ್ಕತೀರ್ಥ ಲಕ್ಷ್ಮಣಶಾಸ್ತ್ರಿ ಜೋಶಿ, ತೆಲುಗಿನ ಕಾದಂಬರಿಕಾರ ತ್ರಿಪುರನೇನಿ ಗೋಪೀಚಂದ್, ಕಾಶ್ಮೀರದ ಪ್ರೇಮನಾಥ ಬಜಾಜ್ ಇವರೆಲ್ಲ ರಾಯ್ ಬಳಗದವರು. ಓದು, ವಾದ, ಮತ್ತಷ್ಟು ಓದು ಇದೇ ಪಕ್ಷದ ಜೀವಾಳ. ಅಧ್ಯಯನ ಶಿಬಿರಗಳೇ ಅದರ ಜಾತ್ರೆ.

1942ರ ಆಗಸ್ಟ್‌ನಲ್ಲಿ ದೇಶವೇ ಕ್ವಿಟ್ ಇಂಡಿಯಾ ಎಂದು ಬೀದಿಗಿಳಿದಾಗ ಈ ಪಕ್ಷ ಅದನ್ನು ವಿರೋಧಿಸಿತು. ನಾಯಕರೆಲ್ಲ ಜೈಲಿನಲ್ಲಿರುವಾಗ ಹೊರಗೆ ನಿಂತು ಸರ್ಕಾರದ ಯುದ್ಧಯತ್ನವನ್ನು ಬೆಂಬಲಿಸಿದವರನ್ನು ಜನ ಹೇಗೆ ಕಂಡಿರಬಹುದೆಂದು ಊಹಿಸುವುದು ಕಷ್ಟವೇನಲ್ಲ. ಸಾಲದ್ದಕ್ಕೆ ಹಣದ ಕಳಂಕವೂ ಅಂಟಿತು. ರಾಯ್ ಮುನ್ನಡೆಸುತ್ತಿದ್ದ ಇಂಡಿಯನ್ ಫೆಡರೇಷನ್ ಆಫ್ ಲೇಬರ್ ಎಂಬ ಕಾರ್ಮಿಕ ಒಕ್ಕೂಟಕ್ಕೆ, ಕಾರ್ಮಿಕರಲ್ಲಿ ಯುದ್ಧದ ಪರ ಪ್ರಚಾರ ಮಾಡಲು, ಸರ್ಕಾರದಿಂದ ತಿಂಗಳಿಗೆ 13,000 ರೂಪಾಯಿ ಅನುದಾನ ಬರುತ್ತಿದ್ದುದು ಬಹಿರಂಗವಾಯಿತು. ಹಣ ಸ್ವಂತಕ್ಕೆ ಬಳಕೆಯಾಗಲಿಲ್ಲ ಎಂಬ ಸಮರ್ಥನೆಯಲ್ಲಿ ಸುಳ್ಳಿರಲಿಕ್ಕಿಲ್ಲ. ಆದರೆ ಪರಕೀಯ ಸರ್ಕಾರದ ದುಡ್ಡನ್ನು ಕೈಯಲ್ಲಿ ಹಿಡಿದು ಸ್ವತಂತ್ರ ಚಿಂತನೆಯ ಮಾತನಾಡಿದರೆ ಯಾರು ಕೇಳುತ್ತಾರೆ? ಆಯುಷ್ಯದ ಹೆಚ್ಚಿನ ಭಾಗವನ್ನು ಬ್ರಿಟಿಷರ ವಿರುದ್ಧ ಹೋರಾಡುತ್ತಲೇ ಕಳೆದ ವ್ಯಕ್ತಿಗೆ ಬ್ರಿಟಿಷರ ಏಜೆಂಟ್ ಎಂಬ ಬಿರುದು ಅಂಟಿಕೊಂಡಿತು. ಈ ವಿಷಯದಲ್ಲಿ ರಾಯ್ ತಪ್ಪಿದರೆಂದೇ ಹೇಳಬೇಕು. ನಿಲುವು ತಪ್ಪಲ್ಲ, ಅನುದಾನ ತಪ್ಪು.

ಇಷ್ಟರ ನಡುವೆ ಪಕ್ಷದ ವತಿಯಿಂದ ಎರಡು ಮಹತ್ವದ ದಾಖಲೆಗಳು ಸಿದ್ಧವಾದವು. ಚುನಾವಣೆಗೆ ಮುನ್ನ ಹಂಚುವ ಪ್ರಣಾಳಿಕೆಗಳ ಜಾತಿಗೆ ಸೇರಿದವಲ್ಲ ಅವು; ಇಂದಿಗೂ ಓದಬಹುದಾದ ಬರಹಗಳು.

ಮೊದಲನೆಯದು ಜನತಾ ಯೋಜನೆ. ಬಿ.ಎನ್. ಬ್ಯಾನರ್ಜಿ, ಜಿ.ಡಿ. ಪಾರಿಖ್ ಮತ್ತು ತಾರ್ಕುಂಡೆ ಇದನ್ನು ಸಿದ್ಧಪಡಿಸಿದರು. ಟಾಟಾ, ಬಿರ್ಲಾ ಮೊದಲಾದ ಉದ್ಯಮಿಗಳು 1944ರಲ್ಲಿ ಮಂಡಿಸಿದ ಬಾಂಬೆ ಯೋಜನೆ 15 ವರ್ಷಗಳಲ್ಲಿ 10,000 ಕೋಟಿ ರೂಪಾಯಿ ಹೂಡಿ ಭಾರಿ ಕೈಗಾರಿಕೆಗಳಿಗೆ ಆದ್ಯತೆ ಕೊಡಬೇಕೆಂದಿತ್ತು. ರಾಯ್ ಬಳಗದ ಯೋಜನೆ ಹತ್ತು ವರ್ಷಗಳದು, 15,000 ಕೋಟಿ ರೂಪಾಯಿಗಳದು. ಅದು ಕೃಷಿಯಿಂದ ಆರಂಭವಾಗುತ್ತದೆ. ಜಮೀನ್ದಾರಿ ತೊಲಗಬೇಕು, ರೈತನ ಸಾಲದ ಹೊರೆ ಇಳಿಯಬೇಕು. ಹಳ್ಳಿಯವನ ಕೈಯಲ್ಲಿ ನಾಲ್ಕು ಕಾಸು ಓಡಾಡಿದರೆ ತಾನೇ ಕಾರ್ಖಾನೆಯ ಬಟ್ಟೆಗೆ ಗಿರಾಕಿ? ಆದ್ದರಿಂದ ಮೊದಲು ಅನ್ನ, ಬಟ್ಟೆ, ಮನೆ, ಔಷಧ, ಶಾಲೆ. ಉತ್ಪಾದನೆ ಲಾಭಕ್ಕಲ್ಲ, ಬಳಕೆಗೆ. ಭಾರಿ ಉಕ್ಕಿನ ಕಾರ್ಖಾನೆ ನಂತರ. ಸ್ವತಂತ್ರ ಭಾರತದ ಎರಡನೇ ಪಂಚವಾರ್ಷಿಕ ಯೋಜನೆ ಹಿಡಿದದ್ದು ಇದಕ್ಕೆ ವಿರುದ್ಧವಾದ ದಾರಿ. ಅರವತ್ತರ ದಶಕದ ಮಧ್ಯಭಾಗದಲ್ಲಿ ಅಮೆರಿಕದ ಗೋಧಿ ಹಡಗುಗಳಿಗಾಗಿ ದೇಶ ಕಾದು ಕುಳಿತಾಗ ಈ ಯೋಜನೆಯನ್ನು ನೆನೆದವರು ಹೆಚ್ಚಿರಲಿಲ್ಲ.

ಎರಡನೆಯದು 1944ರಲ್ಲಿ ರಾಯ್ ರಚಿಸಿದ ಸ್ವತಂತ್ರ ಭಾರತದ ಸಂವಿಧಾನದ ಕರಡು. ಸಂವಿಧಾನ ಸಭೆ ಇನ್ನೂ ಹುಟ್ಟಿರದ ಕಾಲವದು. ಹಳ್ಳಿ, ಪಟ್ಟಣಗಳಲ್ಲಿ ಜನರೇ ಆರಿಸಿದ ಜನಸಮಿತಿಗಳು ಇಡೀ ರಾಜ್ಯವ್ಯವಸ್ಥೆಯ ಬುನಾದಿ. ಅಭ್ಯರ್ಥಿಯನ್ನು ಗೊತ್ತುಪಡಿಸುವವರೂ ಅವರೇ, ದಾರಿ ತಪ್ಪಿದ ಪ್ರತಿನಿಧಿಯನ್ನು ಹಿಂದಕ್ಕೆ ಕರೆಸಿಕೊಳ್ಳುವವರೂ ಅವರೇ. ಐದು ವರ್ಷಕ್ಕೊಮ್ಮೆ ಮತ ಹಾಕಿ ಮನೆಗೆ ಹೋಗುವುದನ್ನು ರಾಯ್ ಪ್ರಜಾಪ್ರಭುತ್ವವೆಂದು ಒಪ್ಪಲಿಲ್ಲ. ಪ್ರತಿಯೊಬ್ಬ ಪ್ರಜೆಯೂ ಚೂರುಚೂರಾಗಿ, ಒಂಟಿಯಾಗಿ ನಿಂತು ಮತ ಹಾಕುವಷ್ಟು ಕಾಲ ಅಧಿಕಾರ ಪಕ್ಷದ ಮುಖಂಡರ ಕೈಯಲ್ಲಿಯೇ ಇರುತ್ತದೆ ಎಂಬುದು ಅವರ ಖಚಿತ ಅಭಿಪ್ರಾಯ. ಕೆಲಸ, ಶಿಕ್ಷಣ, ಅಲ್ಪಸಂಖ್ಯಾತರ ರಕ್ಷಣೆಯ ಹಕ್ಕುಗಳು ಕರಡಿನಲ್ಲಿವೆ. ಧರ್ಮ ವ್ಯಕ್ತಿಯ ಖಾಸಗಿ ವಿಷಯ. ರಾಜ್ಯಕ್ಕೆ ಅದರ ಗೊಡವೆ ಬೇಡ.

ಯುದ್ಧ ಮುಗಿಯಿತು. ಫ್ಯಾಸಿಸಂ ನೆಲಕಚ್ಚಿತು, ಬ್ರಿಟನ್ನಿನಲ್ಲಿ ಲೇಬರ್ ಸರ್ಕಾರ ಬಂತು, ಭಾರತ ಬಿಡುವ ಮಾತುಕತೆ ಶುರುವಾಯಿತು. ರಾಯ್ ಹೇಳಿದ ಕ್ರಮದಲ್ಲಿಯೇ ಎಲ್ಲವೂ ನಡೆಯಿತು. ಆದರೆ 1946ರ ಪ್ರಾಂತೀಯ ಚುನಾವಣೆಯಲ್ಲಿ ಅವರ ಪಕ್ಷ ನೆಲಸಮವಾಯಿತು. ಎಲ್ಲ ವಯಸ್ಕರಿಗೆ ಮತದಾನದ ಹಕ್ಕು ಆಗ ಇರಲಿಲ್ಲವೆಂಬುದು ನಿಜ. ಇದ್ದಿದ್ದರೂ ಫಲಿತಾಂಶ ಬದಲಾಗುತ್ತಿತ್ತೆಂದು ನಂಬುವುದು ಕಷ್ಟ. ಜನ ಜೈಲಿಗೆ ಹೋದವರಿಗೆ ಮತ ಕೊಟ್ಟರು. ಪಾಕಿಸ್ತಾನ ಕೇಳಿದವರಿಗೂ ಕೊಟ್ಟರು. ತರ್ಕ ಒಪ್ಪಿಸಿದವರಿಗೆ ಮಾತ್ರ ಕೊಡಲಿಲ್ಲ.

ಸೋಲಿಗೆ ರಾಯ್ ಅವರೂ ಕಾರಣರು. ಯೌವನದ ಹದಿನೈದು ವರ್ಷ ವಿದೇಶದಲ್ಲಿ, ಐದು ವರ್ಷಕ್ಕೂ ಮಿಕ್ಕಿ ಜೈಲಿನಲ್ಲಿ ಕಳೆದವರಿಗೆ ಹಳ್ಳಿಯ ಕಟ್ಟೆಯ ಮೇಲೆ ಕುಳಿತು ಹರಟುವ ಅಭ್ಯಾಸವೇ ತಪ್ಪಿತ್ತು. ಅವರು ಬರೆದದ್ದು ಇಂಗ್ಲಿಷಿನಲ್ಲಿ, ಪತ್ರಿಕೆ ನಡೆಸಿದ್ದು ಇಂಗ್ಲಿಷಿನಲ್ಲಿ. ಗಾಂಧೀಜಿ ಚಿಟಿಕೆ ಉಪ್ಪಿನಲ್ಲಿ ಹೇಳಿದ್ದನ್ನು ಹೇಳಲು ರಾಯ್ ಅವರಿಗೆ ಒಂದು ಸಂಪುಟ ಬೇಕಾಗುತ್ತಿತ್ತು.

ವಿಸರ್ಜನೆ

ಬೇರೆ ನಾಯಕನಾಗಿದ್ದರೆ ಗೆದ್ದ ಪಕ್ಷದೊಡನೆ ಸಂಧಾನ ಮಾಡಿಕೊಳ್ಳುತ್ತಿದ್ದ. ರಾಯ್ 1946ರ ಮೇ ತಿಂಗಳಲ್ಲಿ ಡೆಹ್ರಾಡೂನ್‌ನಲ್ಲಿ ಶಿಬಿರ ಕರೆದು, ಸಂಗಾತಿಗಳ ಮುಂದೆ ತಮ್ಮ ನಂಬಿಕೆಗಳನ್ನೇ ವಿಚಾರಣೆಗೆ ಒಡ್ಡಿದರು. ಸೋತದ್ದು ಏಕೆ ಎಂಬ ಪ್ರಶ್ನೆ ಅಲ್ಲಿ ಬೇಗ ಹಿಂದೆ ಸರಿಯಿತು. ಗೆದ್ದಿದ್ದರೆ ಏನಾಗುತ್ತಿತ್ತು ಎಂಬುದು ಮುಂದೆ ಬಂತು. ರಷ್ಯಾದಲ್ಲಿ ಗೆದ್ದ ಪಕ್ಷ ಏನಾಯಿತೆಂದು ಅವರು ಕಣ್ಣಾರೆ ಕಂಡಿದ್ದರು. ಜನರ ಹೆಸರಿನಲ್ಲಿ ಅಧಿಕಾರ ಹಿಡಿದವರು ಜನರಿಗೇ ಯಜಮಾನರಾದರು. ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಅಧಿಕಾರ ಹಿಡಿಯುವುದೇ ಕಸುಬಾದ ಸಂಘಟನೆಯಲ್ಲಿ ನೀತಿ ಉಳಿಯುವುದಿಲ್ಲ ಎಂಬ ತೀರ್ಮಾನಕ್ಕೆ ಹಂತಹಂತವಾಗಿ ಬಂದರು.

ಆ ವರ್ಷದ ಡಿಸೆಂಬರ್‌ನಲ್ಲಿ ಮುಂಬೈ ಸಮ್ಮೇಳನ 22 ಸೂತ್ರಗಳನ್ನು ಅಂಗೀಕರಿಸಿತು. ವ್ಯಕ್ತಿಯೇ ಸಮಾಜದ ಮೂಲಘಟಕ. ರಾಷ್ಟ್ರ, ವರ್ಗ, ಪಕ್ಷ ಯಾವುದರ ಹೆಸರಿನಲ್ಲಿಯೂ ಅವನನ್ನು ಬಲಿಗೊಡಲಾಗದು. ನೀತಿಯ ಬೇರು ಮನುಷ್ಯನ ವಿವೇಚನಾಶಕ್ತಿಯಲ್ಲಿದೆ, ಅದಕ್ಕೆ ದೈವದ ಅಪ್ಪಣೆ ಬೇಕಿಲ್ಲ. ಇದನ್ನೇ 1947ರಲ್ಲಿ ನವಮಾನವತಾವಾದದ ಪ್ರಣಾಳಿಕೆಯಾಗಿ ವಿಸ್ತರಿಸಲಾಯಿತು. ಈ ಸೂತ್ರಗಳನ್ನು ಒಪ್ಪಿದ ಮೇಲೆ ಪಕ್ಷವಾಗಿ ಮುಂದುವರಿಯುವುದು ಸಾಧ್ಯವಿರಲಿಲ್ಲ. ಎರಡು ವರ್ಷಗಳ ಚರ್ಚೆಯ ನಂತರ ಕಲ್ಕತ್ತದಲ್ಲಿ ವಿಸರ್ಜನೆಯ ನಿರ್ಣಯವಾಯಿತು. ಕಾರ್ಮಿಕ ಒಕ್ಕೂಟ ಸಮಾಜವಾದಿಗಳ ಸಂಘಟನೆಯೊಂದಿಗೆ ಸೇರಿ ಹಿಂದ್ ಮಜ್ದೂರ್ ಸಭಾ ಆಯಿತು. ವಾರಪತ್ರಿಕೆಯ ಹೆಸರು ‘ದಿ ರ‍್ಯಾಡಿಕಲ್ ಹ್ಯೂಮನಿಸ್ಟ್’ ಎಂದು ಬದಲಾಯಿತು. ಮುಂದೆ ಇದ್ದದ್ದು ಚಳವಳಿ ಮಾತ್ರ. ಸದಸ್ಯರು ಜನರ ನಡುವೆ ಶಿಕ್ಷಕರಂತೆ ಕೆಲಸ ಮಾಡಬೇಕೆಂಬುದು ಆಶಯ.

ಅದು ಉದಾತ್ತ ನಿರ್ಧಾರವೋ, ಸೋಲಿಗೆ ತೊಡಿಸಿದ ತಾತ್ವಿಕ ಪೋಷಾಕೋ ಎಂದು ಅಂದೇ ಕೆಲವರು ಅನುಮಾನಿಸಿದರು. ಪಕ್ಷಗಳಿಲ್ಲದ ಪ್ರಜಾಪ್ರಭುತ್ವ ನಡೆಯುವುದು ಹೇಗೆಂಬುದಕ್ಕೆ ರಾಯ್ ತೃಪ್ತಿಕರ ಉತ್ತರ ಕೊಡಲಿಲ್ಲ. ಜನಸಮಿತಿಯನ್ನು ಊರ ಗೌಡನೋ ಬಲಿಷ್ಠ ಜಾತಿಯೋ ಕಬಳಿಸಿದರೆ ಮಾಡುವುದೇನು ಎಂಬುದಕ್ಕಂತೂ ಶಿಕ್ಷಣವೆಂಬ ಒಂದೇ ಮದ್ದು ಅವರ ಬಳಿಯಿತ್ತು. ಆದರೆ ವಿಸರ್ಜನೆಯಿಂದ ಅವರಿಗೆ ಲಾಭವಾಗಲಿಲ್ಲ ಎಂಬುದನ್ನು ಮರೆಯಬಾರದು. ಮಂತ್ರಿಗಿರಿ, ರಾಯಭಾರ ಯಾವುದೂ ಅವರ ಪಾಲಿಗೆ ಬರಲಿಲ್ಲ.

ಡೆಹ್ರಾಡೂನ್‌ನ ಮೋಹಿನಿ ರಸ್ತೆಯ ಮನೆಯಲ್ಲಿ ಎಲೆನ್ ಜೊತೆ ಉಳಿದ ರಾಯ್, ಪಾಶ್ಚಾತ್ಯ ಚಿಂತನೆಯ ಚರಿತ್ರೆಯಾದ ‘ರೀಸನ್, ರೊಮ್ಯಾಂಟಿಸಿಸಂ ಅಂಡ್ ರೆವಲ್ಯೂಷನ್’ ಬರೆಯುತ್ತಿದ್ದರು. 1952ರ ಜೂನ್‌ನಲ್ಲಿ ಮಸ್ಸೂರಿಯ ಬೆಟ್ಟದ ಹಾದಿಯಲ್ಲಿ ನಡೆಯುತ್ತಿದ್ದಾಗ ಕಾಲು ಜಾರಿ ಕಂದಕಕ್ಕೆ ಬಿದ್ದರು. ಆ ಆಗಸ್ಟ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಮಾನವತಾವಾದಿ ಒಕ್ಕೂಟ ಅವರನ್ನು ಉಪಾಧ್ಯಕ್ಷರಾಗಿ ಆರಿಸಿತು. ಹೋಗುವ ಸ್ಥಿತಿಯಲ್ಲಿ ಅವರಿರಲಿಲ್ಲ. 1954ರ ಜನವರಿ 25ರ ರಾತ್ರಿ, ಗಣರಾಜ್ಯೋತ್ಸವದ ಮುನ್ನಾದಿನ, 66ನೇ ವಯಸ್ಸಿನಲ್ಲಿ ಕೊನೆಯುಸಿರೆಳೆದರು. ಅದೇ ಮನೆಯಲ್ಲಿ 1960ರ ಡಿಸೆಂಬರ್‌ನಲ್ಲಿ ಎಲೆನ್ ಕೊಲೆಯಾದರು.

ಬಳಗದವರು ಚದುರಿದರೂ ಸುಮ್ಮನಿರಲಿಲ್ಲ. ತುರ್ತುಪರಿಸ್ಥಿತಿಯ ಕಾಲದಲ್ಲಿ ಜಯಪ್ರಕಾಶ ನಾರಾಯಣರ ಜೊತೆ ನಿಂತು ನಾಗರಿಕ ಹಕ್ಕುಗಳ ಸಂಘಟನೆ ಕಟ್ಟಿದವರು ಇದೇ ತಾರ್ಕುಂಡೆ. ಜೆ.ಪಿ. ಅವರ ಪಕ್ಷರಹಿತ ಪ್ರಜಾಪ್ರಭುತ್ವದ ಮಾತು ರಾಯ್ ಮಾತಿಗೆ ಬಹಳ ಹತ್ತಿರದ್ದು.

ಕನ್ನಡಿಗರಿಗೂ ಇಲ್ಲೊಂದು ನಂಟಿದೆ. ಹುಬ್ಬಳ್ಳಿಯ ವಕೀಲ ಎಸ್.ಆರ್. ಬೊಮ್ಮಾಯಿ ರಾಯ್ ಚಿಂತನೆಗೆ ಮನಸೋತವರು. ಕೊನೆಯವರೆಗೂ ತಮ್ಮನ್ನು ರಾಯ್‌ವಾದಿಯೆಂದೇ ಹೇಳಿಕೊಂಡವರು. ಆದರೆ ಅವರು ಪಕ್ಷ ರಾಜಕಾರಣ ಬಿಡಲಿಲ್ಲ, 1988ರಲ್ಲಿ ಮುಖ್ಯಮಂತ್ರಿಯೂ ಆದರು. 1989ರ ಏಪ್ರಿಲ್‌ನಲ್ಲಿ ವಿಧಾನಸಭೆಯಲ್ಲಿ ಬಹುಮತ ಸಾಬೀತಿಗೆ ಅವಕಾಶ ಕೊಡದೆ ಅವರ ಸರ್ಕಾರವನ್ನು ವಜಾ ಮಾಡಲಾಯಿತು. ಕಾನೂನು ಹೋರಾಟ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ನೀಡಿದ ತೀರ್ಪು ಬಹುಮತದ ಪರೀಕ್ಷೆ ಸದನದಲ್ಲಿಯೇ ಆಗಬೇಕೆಂದಿತು. ಜಾತ್ಯತೀತತೆ ಸಂವಿಧಾನದ ಮೂಲರಚನೆಗೆ ಸೇರಿದ್ದೆಂದೂ ಸಾರಿತು. ಮತಪೆಟ್ಟಿಗೆಯಲ್ಲಿ ಸೋತ ರಾಯ್ ಪಕ್ಷದ ಪ್ರಮುಖ ತತ್ವವೊಂದು ಅವರ ಅನುಯಾಯಿಯ ಹೆಸರಿನ ಮೊಕದ್ದಮೆಯಲ್ಲಿ ಹೀಗೆ ದೇಶದ ಕಾನೂನಿನ ಗಟ್ಟಿ ನೆಲೆ ಪಡೆಯಿತು.

ರಾಯ್ ಆತ್ಮಕಥೆಯನ್ನೂ ಬರೆಯತೊಡಗಿದ್ದರು. ನಿಧನಾನಂತರ, 1964ರಲ್ಲಿ ಅದು ಪುಸ್ತಕವಾಗಿ ಬಂತು. ಬಟಾವಿಯಾ, ಮೆಕ್ಸಿಕೊ, ಮಾಸ್ಕೋ, ಬರ್ಲಿನ್ ಎಲ್ಲವೂ ಅದರಲ್ಲಿ ರಸವತ್ತಾಗಿವೆ. ಆದರೆ ಕಥೆ ಇಪ್ಪತ್ತರ ದಶಕದ ಆರಂಭದಲ್ಲಿಯೇ ನಿಂತುಹೋಗುತ್ತದೆ. ಪಕ್ಷ ಕಟ್ಟಿದ್ದು, ಅದನ್ನು ಮುಚ್ಚಿದ್ದು ಅವರ ಕಥೆಯಲ್ಲಿ ಬರುವುದೇ ಇಲ್ಲ.